‘ಶೇ 99 ಕರಾರುವಾಕ್ಕು’ ಟೆಸ್ಟ್‌ನಲ್ಲಿ ಪಾಸಿಟಿವ್ ಬಂದರೆ ಕಾಯಿಲೆ ಇದೆ ಅಂತಲೇ ಅರ್ಥವೇ?

ನಿಮ್ಮ ಫ್ಯಾಮಿಲಿ ಗ್ರೂಪಿಗೋ ಅಪಾರ್ಟ್‌ಮೆಂಟ್ ಗ್ರೂಪಿಗೋ ಇಂಥದ್ದೊಂದು ಮೆಸೇಜ್ ಬಂದೇ ಇರುತ್ತದೆ: “ಒಂದೇ ಹನಿ ರಕ್ತ ಸಾಕು. ಹತ್ತು ನಿಮಿಷದಲ್ಲಿ ರಿಸಲ್ಟ್. ಶೇ 99 ಕರಾರುವಾಕ್ಕು. ಮನೆಮಂದಿಗೆಲ್ಲ ಮಾಡಿಸಿ, ಎಲ್ಲರಿಗೂ ಕಳಿಸಿ.” ಕಾಯಿಲೆಯ ಹೆಸರು ಒಮ್ಮೆ ಕ್ಯಾನ್ಸರ್, ಒಮ್ಮೆ ಟಿಬಿ, ಒಮ್ಮೆ ಇನ್ನೊಂದು. ‘ಶೇ 99’ ಎಂಬ ಮಾತು ಮಾತ್ರ ಬದಲಾಗುವುದಿಲ್ಲ.

ಒಂದು ಪ್ರಶ್ನೆ. ಟಿಬಿ ಇದೆಯೋ ಇಲ್ಲವೋ ಹೇಳುವ ಶೇ 99 ಕರಾರುವಾಕ್ಕಾದ ಟೆಸ್ಟ್ ಒಂದಿದೆ ಎಂದುಕೊಳ್ಳಿ. ಕೆಮ್ಮಿಲ್ಲ, ಜ್ವರ ಇಲ್ಲ, ಸುಮ್ಮನೆ ಕ್ಯಾಂಪಿಗೆ ಹೋಗಿ ನೀವು ಅದನ್ನು ಮಾಡಿಸಿದಿರಿ. ರಿಪೋರ್ಟ್‌ನಲ್ಲಿ ‘ಪಾಸಿಟಿವ್’ ಎಂದು ಬಂತು. ಹಾಗಾದರೆ ನಿಮಗೆ ನಿಜವಾಗಿಯೂ ಟಿಬಿ ಇರುವ ಸಾಧ್ಯತೆ ಎಷ್ಟು?

“ಇನ್ನೇನು, ಶೇ 99” ಎಂದು ನೀವು ಹೇಳಿದರೆ, ಬಹುತೇಕ ಜನ ಹೇಳುವುದೂ ಅದನ್ನೇ. ಆದರೆ ಸರಿಯಾದ ಉತ್ತರ ಶೇ 25ಕ್ಕಿಂತಲೂ ಕಡಿಮೆ! ಇದರಲ್ಲಿ ಮೋಸವೂ ಇಲ್ಲ, ಮ್ಯಾಜಿಕ್ಕೂ ಇಲ್ಲ. ಕೂಡುವ, ಕಳೆಯುವ ಲೆಕ್ಕ ಬಂದರೆ ಸಾಕು, ನಾವೇ ಮಾಡಿ ನೋಡಬಹುದು.

ಹುಣಸೆಮರದ ಟೆಸ್ಟ್

ಯಲಹಂಕ ದಾಟಿ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣದ ಕಡೆ ಹೋದರೆ ಹುಣಸಮಾರನಹಳ್ಳಿ ಸಿಗುತ್ತದೆ. ಲೆಕ್ಕಕ್ಕಾಗಿ ಈ ಊರು ಮತ್ತು ಸುತ್ತಮುತ್ತಲಿನ 10,000 ವಯಸ್ಕರನ್ನು ತೆಗೆದುಕೊಳ್ಳೋಣ. ಇವರಲ್ಲಿ ಎಷ್ಟು ಮಂದಿಗೆ ಟಿಬಿ ಇರಬಹುದು? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಪ್ರತಿ ಒಂದು ಲಕ್ಷ ಜನರಲ್ಲಿ 316 ಮಂದಿಗೆ ಶ್ವಾಸಕೋಶದ ಟಿಬಿ ಇತ್ತು. ಅಂದರೆ 10,000ಕ್ಕೆ ಸುಮಾರು 32. ಸುಲಭವಾಗಲೆಂದು 30 ಎಂದಿಟ್ಟುಕೊಳ್ಳೋಣ. ಇದು ದೇಶದ ಸರಾಸರಿಯೇ ಹೊರತು ಈ ಊರಿನದೇ ಅಂಕಿಯಲ್ಲ.

ಊರಿನ ಹೆಸರಲ್ಲೇ ‘ಹುಣಸ’ ಇದೆಯಲ್ಲ, ಅದಕ್ಕೇ ತಮಾಷೆಗೆ ಒಂದು ಹುಣಸೆಮರವನ್ನೇ ಟೆಸ್ಟ್ ಮಾಡಿಬಿಡೋಣ. ಮರದ ಕೆಳಗೆ ಯಾರು ಬಂದು ನಿಂತರೂ ಮರ ಹೇಳುವುದು ಒಂದೇ ಮಾತು: “ನಿನಗೆ ಟಿಬಿ ಇಲ್ಲ, ಹೋಗು.” 10,000 ಮಂದಿಗೂ ಅದೇ ಉತ್ತರ. ಈ ಉತ್ತರ ಎಷ್ಟು ಮಂದಿಯ ವಿಷಯದಲ್ಲಿ ಸರಿ? ಟಿಬಿ ಇಲ್ಲದ 9,970 ಮಂದಿಯ ವಿಷಯದಲ್ಲಿ. ಅಂದರೆ ನಮ್ಮ ಹುಣಸೆಮರ ಶೇ 99.7 ಕರಾರುವಾಕ್ಕು!

ಆದರೆ ಅದು ಒಬ್ಬನೇ ಒಬ್ಬ ರೋಗಿಯನ್ನೂ ಪತ್ತೆ ಮಾಡಲಿಲ್ಲ. ಆ 30 ಮಂದಿ ಖುಷಿಯಿಂದ ಮನೆಗೆ ಹೋಗಿ ಕೆಮ್ಮುತ್ತಲೇ ಇರುತ್ತಾರೆ. ‘ಇಷ್ಟು ಶೇಕಡಾ ಕರಾರುವಾಕ್ಕು’ ಎಂಬ ಒಂದೇ ಅಂಕಿ ಏನನ್ನೂ ಹೇಳುವುದಿಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಒಂದು ಟೆಸ್ಟನ್ನು ಅಳೆಯಲು ಕನಿಷ್ಠ ಎರಡು ಅಂಕಿ ಬೇಕು.

ಬೊಗಳುವ ನಾಯಿ, ಸುಮ್ಮನಿರುವ ನಾಯಿ

ಮನೆ ಕಾಯುವ ನಾಯಿ ಒಳ್ಳೆಯದು ಎನ್ನಲು ಏನು ನೋಡುತ್ತೀರಿ? ಕಳ್ಳ ಬಂದಾಗ ಬೊಗಳಬೇಕು. ನೆಂಟರು ಬಂದಾಗ ಸುಮ್ಮನಿರಬೇಕು. ಈ ಎರಡೂ ಬೇರೆ ಬೇರೆ ಗುಣ. ಎಲ್ಲರಿಗೂ ಬೊಗಳುವ ನಾಯಿ ಕಳ್ಳನನ್ನು ಬಿಡುವುದಿಲ್ಲ ನಿಜ, ಆದರೆ ಹಾಲಿನವನನ್ನೂ ಬಿಡುವುದಿಲ್ಲ. ಯಾರಿಗೂ ಬೊಗಳದ ನಾಯಿ ನೆಂಟರಿಗೆ ಇಷ್ಟವಾಗಬಹುದು, ಕಳ್ಳನಿಗೆ ಇನ್ನೂ ಇಷ್ಟವಾಗುತ್ತದೆ.

ಟೆಸ್ಟ್‌ಗಳಿಗೂ ಇವೇ ಎರಡು ಗುಣಗಳಿವೆ.

ಮೊದಲನೆಯದು ಸೆನ್ಸಿಟಿವಿಟಿ. ಕಾಯಿಲೆ ಇರುವ 100 ಮಂದಿಯಲ್ಲಿ ಎಷ್ಟು ಮಂದಿಯನ್ನು ಟೆಸ್ಟ್ ಹಿಡಿಯುತ್ತದೆ ಎನ್ನುವ ಅಳತೆ ಇದು. ಹಿಡಿಯದೆ ಬಿಟ್ಟವರು ‘ಸುಳ್ಳು ನೆಗೆಟಿವ್’: ಕಾಯಿಲೆ ಇದೆ, ರಿಪೋರ್ಟ್ ಇಲ್ಲ ಎನ್ನುತ್ತದೆ.

ಎರಡನೆಯದು ಸ್ಪೆಸಿಫಿಸಿಟಿ. ಕಾಯಿಲೆ ಇಲ್ಲದ 100 ಮಂದಿಯಲ್ಲಿ ಎಷ್ಟು ಮಂದಿಗೆ ಟೆಸ್ಟ್ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎನ್ನುವ ಅಳತೆ. ಇಲ್ಲಿ ತಪ್ಪಿದವರು ‘ಸುಳ್ಳು ಪಾಸಿಟಿವ್’: ಕಾಯಿಲೆ ಇಲ್ಲ, ರಿಪೋರ್ಟ್ ಇದೆ ಎನ್ನುತ್ತದೆ.

ಹುಣಸೆಮರದ ಸೆನ್ಸಿಟಿವಿಟಿ ಸೊನ್ನೆ, ಸ್ಪೆಸಿಫಿಸಿಟಿ ಶೇ 100. ಈಗ ಗುಟ್ಟು ಬಯಲಾಯಿತಲ್ಲ!

ಈಗ ಶೇ 99ರ ಲೆಕ್ಕ

ನಮ್ಮ ಟೆಸ್ಟ್‌ಗೆ ಎರಡರಲ್ಲೂ ಶೇ 99 ಕೊಟ್ಟುಬಿಡೋಣ. ಇಷ್ಟು ಒಳ್ಳೆಯ ಟೆಸ್ಟ್ ಸಿಗುವುದೇ ಕಷ್ಟ. ಅದನ್ನು 10,000 ಮಂದಿಗೂ ಮಾಡೋಣ.

ಟಿಬಿ ಇರುವ 30 ಮಂದಿಯಲ್ಲಿ ಹೆಚ್ಚುಕಡಿಮೆ 30 ಮಂದಿಯೂ ಪಾಸಿಟಿವ್.

ಟಿಬಿ ಇಲ್ಲದ 9,970 ಮಂದಿಯಲ್ಲಿ ಶೇ 1ರಷ್ಟು, ಅಂದರೆ ಸುಮಾರು 100 ಮಂದಿಗೆ ತಪ್ಪಾಗಿ ಪಾಸಿಟಿವ್.

ಒಟ್ಟು ಪಾಸಿಟಿವ್ 130. ಅವರಲ್ಲಿ ನಿಜವಾಗಿ ಟಿಬಿ ಇರುವವರು 30. ಅಂದರೆ ಸುಮಾರು ಶೇ 23.

‘ಪಾಸಿಟಿವ್ ಬಂದವರಲ್ಲಿ ನಿಜವಾಗಿ ಕಾಯಿಲೆ ಇರುವವರು ಎಷ್ಟು’ ಎನ್ನುವ ಈ ಮೂರನೆಯ ಅಂಕಿಗೆ ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಎನ್ನುತ್ತಾರೆ. ರಿಪೋರ್ಟ್ ಕೈಯಲ್ಲಿ ಹಿಡಿದು ನಿಂತವರಿಗೆ ಬೇಕಾಗಿರುವುದು ಈ ಅಂಕಿ. ಜಾಹೀರಾತು, ಫಾರ್ವರ್ಡ್‌ಗಳಲ್ಲಿ ಎಂದೂ ಕಾಣದಿರುವುದೂ ಇದೇ ಅಂಕಿ.

ಹೀಗೇಕಾಗುತ್ತದೆ? ಕಾಯಿಲೆ ಇಲ್ಲದವರ ಗುಂಪು ತುಂಬಾ ದೊಡ್ಡದು. ದೊಡ್ಡ ಗುಂಪಿನ ಸಣ್ಣ ಶೇಕಡಾವಾರು, ಸಣ್ಣ ಗುಂಪಿನ ದೊಡ್ಡ ಶೇಕಡಾವಾರನ್ನು ನುಂಗಿಹಾಕುತ್ತದೆ.

ಅದೇ ಟೆಸ್ಟ್, ಬೇರೆ ಜನ

ಮತ್ತೆ ನಾಯಿಯ ವಿಷಯಕ್ಕೆ ಬನ್ನಿ. ಬೆಳಿಗ್ಗೆ ಹತ್ತು ಗಂಟೆಗೆ ನಾಯಿ ಬೊಗಳಿದರೆ “ಕೊರಿಯರ್‌ನವನಿರಬೇಕು” ಎನ್ನುತ್ತೀರಿ. ರಾತ್ರಿ ಎರಡು ಗಂಟೆಗೆ ಅದೇ ನಾಯಿ ಅದೇ ದನಿಯಲ್ಲಿ ಬೊಗಳಿದರೆ ಎದ್ದು ಲೈಟ್ ಹಾಕುತ್ತೀರಿ. ಬದಲಾದದ್ದು ನಾಯಿಯಲ್ಲ, ಹೊತ್ತು. ಹಗಲಿನಲ್ಲಿ ಓಡಾಡುವ ನೂರಾರು ಮಂದಿಯಲ್ಲಿ ಕಳ್ಳರು ಅಪರೂಪ. ನಡುರಾತ್ರಿ ಗೇಟಿನ ಹತ್ತಿರ ಸುಳಿಯುವವರಲ್ಲಿ ಅಷ್ಟು ಅಪರೂಪವಲ್ಲ.

ಟೆಸ್ಟ್ ಕೂಡ ಹಾಗೆಯೇ. ಈಗ ನಿಜವಾದ ಟೆಸ್ಟ್ ಒಂದನ್ನೇ ತೆಗೆದುಕೊಳ್ಳೋಣ. ಕಫದಲ್ಲಿ ಟಿಬಿ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ, ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸಿಬಿನಾಟ್’ ಎಂದು ಕರೆಯುವ ಪರೀಕ್ಷೆಯ ಸೆನ್ಸಿಟಿವಿಟಿ ಸುಮಾರು ಶೇ 85, ಸ್ಪೆಸಿಫಿಸಿಟಿ ಸುಮಾರು ಶೇ 98. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ ಎಂದು ಆಸ್ಪತ್ರೆಗೆ ಬಂದ 1,000 ಮಂದಿಯಲ್ಲಿ 100 ಮಂದಿಗೆ ಟಿಬಿ ಇದೆ ಎಂದುಕೊಳ್ಳೋಣ. ಆ ನೂರರಲ್ಲಿ 85 ಮಂದಿ ಪಾಸಿಟಿವ್. ಟಿಬಿ ಇಲ್ಲದ 900ರಲ್ಲಿ 18 ಮಂದಿ ತಪ್ಪಾಗಿ ಪಾಸಿಟಿವ್. ಒಟ್ಟು 103ರಲ್ಲಿ 85 ನಿಜ. ಅಂದರೆ ಶೇ 82ಕ್ಕೂ ಹೆಚ್ಚು.

ಗಮನಿಸಿ: ಶೇ 99ರ ಟೆಸ್ಟ್ ಆರೋಗ್ಯವಂತರ ಮೇಲೆ ಕೊಟ್ಟ ಪಾಸಿಟಿವ್‌ನಲ್ಲಿ ನಿಜ ಇದ್ದದ್ದು ಶೇ 23. ಅದಕ್ಕಿಂತ ‘ಕಡಿಮೆ’ ಟೆಸ್ಟ್, ಲಕ್ಷಣ ಇರುವವರ ಮೇಲೆ ಕೊಟ್ಟ ಪಾಸಿಟಿವ್‌ನಲ್ಲಿ ನಿಜ ಶೇ 82. ಯಾವ ಟೆಸ್ಟ್ ಎನ್ನುವಷ್ಟೇ ಮುಖ್ಯ, ಅದನ್ನು ಯಾರಿಗೆ ಮಾಡಿದರು ಎನ್ನುವುದು.

ಬಳ್ಳಾರಿ ರಸ್ತೆಯಲ್ಲೇ ಇದ್ದ ಪಾಠ

ಈ ಪಾಠ ಕಲಿಯಲು ದೂರ ಹೋಗಬೇಕಿಲ್ಲ. ಹುಣಸಮಾರನಹಳ್ಳಿಯಿಂದ ಅದೇ ಬಳ್ಳಾರಿ ರಸ್ತೆಯಲ್ಲಿ ಊರಿನ ಕಡೆ ಬಂದರೆ, ಹೆಬ್ಬಾಳ ದಾಟಿದ ಮೇಲೆ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದ ಈ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ದೇಶದ ಟಿಬಿ ಕಾರ್ಯಕ್ರಮದ ರೂಪುರೇಷೆ ಸಿದ್ಧವಾದದ್ದು ಇಲ್ಲೇ.

ಆಗ ಇದ್ದ ಪ್ರಶ್ನೆ: ಟಿಬಿ ರೋಗಿಗಳನ್ನು ಹುಡುಕಲು ಊರೂರಿಗೆ ಎಕ್ಸ್‌ರೇ ವ್ಯಾನ್ ಕಳಿಸಿ ಎಲ್ಲರನ್ನೂ ತಪಾಸಣೆ ಮಾಡಬೇಕೇ? ಶ್ರೀಮಂತ ದೇಶಗಳು ಮಾಡಿದ್ದು ಹಾಗೆ. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇದು: ಟಿಬಿ ಇದ್ದ ಬಹುತೇಕರಿಗೆ ತಮಗೇನೋ ತೊಂದರೆ ಇದೆ ಎಂದು ಆಗಲೇ ಗೊತ್ತಿತ್ತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದೇ ಹೆಚ್ಚು.

ಹಾಗಾಗಿ ಸಂಸ್ಥೆ ಹೇಳಿದ್ದು ಸರಳ: ಕೆಮ್ಮು ಎಂದು ತಾವಾಗಿಯೇ ಬರುವವರ ಕಫವನ್ನು ಮೊದಲು ಪರೀಕ್ಷಿಸಿ. ದುಡ್ಡು ಉಳಿಯುತ್ತದೆ ಎನ್ನುವುದು ಒಂದು ಕಾರಣ. ಇನ್ನೊಂದು, ನಾವು ಈಗಷ್ಟೇ ಮಾಡಿದ ಲೆಕ್ಕ. ಕಾಯಿಲೆಯ ಸಾಧ್ಯತೆ ಹೆಚ್ಚಿರುವವರಲ್ಲಿ ಮಾಡಿದರೆ ಸಾಧಾರಣ ಟೆಸ್ಟ್ ಕೂಡ ನಂಬುವಂಥ ಉತ್ತರ ಕೊಡುತ್ತದೆ.

ಒಂದು ರಕ್ತ ಪರೀಕ್ಷೆಯನ್ನು ದೇಶವೇ ನಿಷೇಧಿಸಿದ ಕಥೆ

ಈಗ ಆ ‘ಒಂದು ಹನಿ ರಕ್ತ’ದ ಮೆಸೇಜಿಗೆ ಬರೋಣ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಇದೆ ಎಂದು ಹೇಳುವ ಕಿಟ್‌ಗಳು ಭರ್ಜರಿಯಾಗಿ ನಡೆಯುತ್ತಿದ್ದವು. ಕಫ ಕೊಡುವ ಮುಜುಗರ ಇಲ್ಲ, ಬೇಗ ರಿಸಲ್ಟ್. ಖಾಸಗಿ ಲ್ಯಾಬ್‌ಗಳಲ್ಲಿ ಲಕ್ಷಾಂತರ ಜನ ದುಡ್ಡು ಕೊಟ್ಟು ಮಾಡಿಸಿಕೊಂಡರು.

ವಿಶ್ವ ಆರೋಗ್ಯ ಸಂಸ್ಥೆ ಈ ಟೆಸ್ಟ್‌ಗಳ ಮೇಲೆ ನಡೆದ 94 ಅಧ್ಯಯನಗಳನ್ನು ಜಾಲಾಡಿತು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಎಲ್ಲಿಂದೆಲ್ಲಿಗೋ ಹಾರುತ್ತಿದ್ದವು. 2011ರ ಜುಲೈನಲ್ಲಿ ಅದು ಖಡಾಖಂಡಿತವಾಗಿ ಹೇಳಿತು: ಇವನ್ನು ಬಳಸಬೇಡಿ. ಟಿಬಿಯ ವಿಷಯದಲ್ಲಿ ‘ಈ ಟೆಸ್ಟ್ ಬೇಡವೇ ಬೇಡ’ ಎಂದು ಅದು ಹೇಳಿದ್ದು ಅದೇ ಮೊದಲು. 2012ರ ಜೂನ್‌ನಲ್ಲಿ ಭಾರತ ಸರ್ಕಾರ ಈ ಕಿಟ್‌ಗಳ ಆಮದು, ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು.

ಅಪಾಯ ಎಷ್ಟಿತ್ತು? 2011ರಲ್ಲಿ ಸಂಶೋಧಕರು ಭಾರತಕ್ಕಾಗಿಯೇ ಒಂದು ಅಂದಾಜು ಮಾಡಿದ್ದರು. ಟಿಬಿ ಶಂಕೆ ಇರುವ 15 ಲಕ್ಷ ಮಂದಿಗೆ ಸೂಕ್ಷ್ಮದರ್ಶಕದ ಕಫ ಪರೀಕ್ಷೆಯ ಬದಲು ಈ ರಕ್ತ ಪರೀಕ್ಷೆ ಮಾಡಿದರೆ, 14,000 ನಿಜವಾದ ರೋಗಿಗಳು ಹೆಚ್ಚಾಗಿ ಸಿಗುತ್ತಾರೆ. ಅದರ ಜೊತೆಗೆ 1,21,000 ಮಂದಿಗೆ ಹೆಚ್ಚುವರಿಯಾಗಿ, ಇಲ್ಲದ ಟಿಬಿ ‘ಇದೆ’ ಎಂದು ಬರುತ್ತದೆ!

1,21,000 ಎನ್ನುವುದು ಓದಲು ಬರೀ ಅಂಕಿ. ಆದರೆ ಅದರಲ್ಲಿ ಒಬ್ಬೊಬ್ಬರೂ ಬೇಡದ ಔಷಧಿಯನ್ನು ತಿಂಗಳುಗಟ್ಟಲೆ ನುಂಗಬೇಕು. ಟಿಬಿ ಔಷಧಿಗಳಿಂದ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟು ಬೀಳುತ್ತದೆ. ಕೆಲಸದ ಜಾಗದಲ್ಲಿ, ಮದುವೆಯ ಮಾತುಕತೆಯಲ್ಲಿ ಆ ಹೆಸರು ಬೆನ್ನಟ್ಟುತ್ತದೆ. ಕೆಮ್ಮಿಗೆ ನಿಜವಾದ ಕಾರಣ ಬೇರೆಯೇ ಇದ್ದರೆ ಅದರ ಚಿಕಿತ್ಸೆ ತಡವಾಗುತ್ತದೆ. ಇತ್ತ ತಪ್ಪು ‘ನೆಗೆಟಿವ್’ ಪಡೆದ ರೋಗಿ ಚಿಕಿತ್ಸೆಯಿಲ್ಲದೆ ಓಡಾಡಿಕೊಂಡು ಮನೆಯವರಿಗೆ ಹರಡುತ್ತಾನೆ.

ಈಗಲೂ ಲ್ಯಾಬ್‌ಗಳಲ್ಲಿ ಸಿಗುವ ‘ಟಿಬಿ ಗೋಲ್ಡ್’ ರಕ್ತ ಪರೀಕ್ಷೆ ಬೇರೆ ಬಗೆಯದು, ನಿಷೇಧಿತವಲ್ಲ. ಆದರೆ ಅದು ಹೇಳುವುದು ಮೈಯಲ್ಲಿ ಟಿಬಿ ಸೋಂಕು ಹೊಕ್ಕಿದೆಯೇ ಎಂದು ಮಾತ್ರ, ಕಾಯಿಲೆ ಇದೆಯೇ ಎಂದಲ್ಲ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸುಮಾರು ಮೂವರಲ್ಲಿ ಒಬ್ಬ ವಯಸ್ಕರಿಗೆ ಸೋಂಕು ಇತ್ತು. ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಟಿಬಿ ಕಾಯಿಲೆ ಬರುವುದೇ ಇಲ್ಲ. ಚರ್ಮದ ಮೇಲೆ ಮಾಡುವ ಮಾಂಟೂ ಪರೀಕ್ಷೆಯ ವಿಷಯವೂ ಹೀಗೆಯೇ.

ಹಾಗಾದರೆ ಎಕ್ಸ್‌ರೇ ಕ್ಯಾಂಪ್ ಯಾಕೆ ಮಾಡುತ್ತಾರೆ?

ಒಳ್ಳೆಯ ಪ್ರಶ್ನೆ. 2024ರ ಡಿಸೆಂಬರ್‌ನಲ್ಲಿ ಶುರುವಾದ 100 ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹೊತ್ತೊಯ್ಯುವ ಎಕ್ಸ್‌ರೇ ಯಂತ್ರಗಳನ್ನೇ ಬಳಸಿದರು. ಕಾರಣ ಇದೆ. ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ರೋಗಿಗಳಲ್ಲಿ ಶೇ 42ಕ್ಕೂ ಹೆಚ್ಚು ಮಂದಿ ಎಕ್ಸ್‌ರೇ ಮಾಡದಿದ್ದರೆ ಸಿಗುತ್ತಲೇ ಇರಲಿಲ್ಲ. ಲಕ್ಷಣ ಇದ್ದವರಲ್ಲೂ ಸುಮಾರು ಶೇ 64 ಮಂದಿ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ಬರುವವರಿಗಾಗಿ ಕಾಯುತ್ತ ಕೂತರೆ ಇವರೆಲ್ಲ ತಪ್ಪಿಹೋಗುತ್ತಾರೆ.

ಎದೆಯ ಎಕ್ಸ್‌ರೇಯಲ್ಲಿ ಏನೇ ವ್ಯತ್ಯಾಸ ಕಂಡರೂ ‘ಪಾಸಿಟಿವ್’ ಎಂದು ಲೆಕ್ಕ ಹಿಡಿದರೆ, ಅದರ ಸೆನ್ಸಿಟಿವಿಟಿ ಶೇ 94, ಸ್ಪೆಸಿಫಿಸಿಟಿ ಶೇ 89 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ 10,000 ಮಂದಿಗೆ ಮಾಡಿದರೆ 30ರಲ್ಲಿ 28 ರೋಗಿಗಳು ಸಿಗುತ್ತಾರೆ. ಜೊತೆಗೆ ಟಿಬಿ ಇಲ್ಲದ ಸುಮಾರು 1,100 ಮಂದಿಯೂ ಬಲೆಗೆ ಬೀಳುತ್ತಾರೆ. ಅಂದರೆ ಎಕ್ಸ್‌ರೇಯಲ್ಲಿ ‘ಏನೋ ಇದೆ’ ಎಂದವರಲ್ಲಿ 40ಕ್ಕೆ ಒಬ್ಬರಿಗೆ ಮಾತ್ರ ಟಿಬಿ.

ಅದಕ್ಕೇ ಎಕ್ಸ್‌ರೇ ನೋಡಿಯೇ ಟಿಬಿ ಎಂದು ತೀರ್ಮಾನಿಸುವುದಿಲ್ಲ. ಅಲ್ಲಿ ಸಿಕ್ಕವರ ಕಫವನ್ನು ಸಿಬಿನಾಟ್ ಅಥವಾ ಟ್ರೂನಾಟ್‌ಗೆ ಕಳಿಸುತ್ತಾರೆ. ಶೇ 98 ಸ್ಪೆಸಿಫಿಸಿಟಿಯ ಆ ಎರಡನೇ ಜರಡಿಯಲ್ಲಿ 1,100 ಮಂದಿಯಲ್ಲಿ ಸುಮಾರು 22 ಮಂದಿ ಬಿಟ್ಟು ಉಳಿದವರೆಲ್ಲ ಹೊರಬರುತ್ತಾರೆ. 28ರಲ್ಲಿ 24 ರೋಗಿಗಳು ಉಳಿಯುತ್ತಾರೆ. 40ಕ್ಕೆ ಒಂದು ಇದ್ದದ್ದು ಈಗ ಹೆಚ್ಚುಕಡಿಮೆ ಎರಡಕ್ಕೆ ಒಂದು. ಊರಿಗೆಲ್ಲ ಮಾಡುವ ಬದಲು ಟಿಬಿ ಸಾಧ್ಯತೆ ಹೆಚ್ಚಿರುವವರಿಂದ ಶುರು ಮಾಡಿದರೆ (ರೋಗಿಯ ಮನೆಯವರು, ಸಕ್ಕರೆ ಕಾಯಿಲೆ ಇರುವವರು, ವಯಸ್ಸಾದವರು) ಈ ಅಂಕಿ ಇನ್ನೂ ಏರುತ್ತದೆ. ಅಭಿಯಾನ ಇಂಥವರಿಂದಲೇ ಶುರುವಾಗುವುದು ಇದಕ್ಕೇ. ಮೊದಲ ಟೆಸ್ಟ್ ಯಾರನ್ನೂ ಬಿಡಬಾರದು, ಎರಡನೆಯದು ಯಾರ ಮೇಲೂ ಸುಳ್ಳು ಆರೋಪ ಹೊರಿಸಬಾರದು. ಎಚ್‌ಐವಿ ತಪಾಸಣೆಯಲ್ಲೂ ಮೊದಲ ಟೆಸ್ಟ್ ‘ರಿಯಾಕ್ಟಿವ್’ ಬಂದ ಕೂಡಲೇ ತೀರ್ಪು ಕೊಡದೆ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡುವುದು ಇದಕ್ಕಾಗಿಯೇ.

‘ನೆಗೆಟಿವ್’ ಅಂದರೆ ನಿರಾಳವೇ?

ಯಾವಾಗಲೂ ಅಲ್ಲ. ಕೋವಿಡ್ ಕಾಲದ ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ನೆನಪಿದೆಯೇ? 2020ರ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದಕ್ಕೆ ಅನುಮತಿ ಕೊಟ್ಟಾಗ ಅಂಕಿಗಳನ್ನೂ ಬಹಿರಂಗವಾಗಿ ಹೇಳಿತ್ತು: ಸ್ಪೆಸಿಫಿಸಿಟಿ ಶೇ 99.3ರಿಂದ 100, ಸೆನ್ಸಿಟಿವಿಟಿ ಶೇ 50.6ರಿಂದ 84. ಅಂದರೆ ಸೋಂಕಿಲ್ಲದವರನ್ನು ಸೋಂಕಿತರೆನ್ನುವುದು ತೀರಾ ಅಪರೂಪ. ಆದರೆ 100 ಸೋಂಕಿತರಲ್ಲಿ 16ರಿಂದ 49 ಮಂದಿಯನ್ನು ಬಿಟ್ಟುಬಿಡಬಹುದು. ಅದಕ್ಕೇ ಪಾಸಿಟಿವ್ ಬಂದರೆ ನಂಬಿ, ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಿ ಎಂದರು. ‘ನೆಗೆಟಿವ್ ಬಂತು’ ಎಂದು ಜ್ವರ ಇಟ್ಟುಕೊಂಡೇ ಮದುವೆಗೆ ಹೋದವರು ಅರ್ಧ ನಿಯಮ ಮಾತ್ರ ಓದಿದ್ದರು.

ಟಿಬಿಯಲ್ಲೂ ಹಾಗೆಯೇ. ನಮ್ಮ 1,000 ಮಂದಿಯ ಲೆಕ್ಕದಲ್ಲಿ ಸಿಬಿನಾಟ್ 15 ರೋಗಿಗಳನ್ನು ಬಿಟ್ಟಿತ್ತು. ರಿಪೋರ್ಟ್ ನೆಗೆಟಿವ್ ಇದ್ದರೂ ಕೆಮ್ಮು ನಿಲ್ಲದಿದ್ದರೆ, ತೂಕ ಇಳಿಯುತ್ತಲೇ ಇದ್ದರೆ ಮತ್ತೆ ವೈದ್ಯರ ಹತ್ತಿರ ಹೋಗಲೇಬೇಕು.

ಮುಂದೆ ಕಳಿಸುವ ಮುನ್ನ

ಮುಂದಿನ ಸಲ ‘ಶೇ 99 ಕರಾರುವಾಕ್ಕು’ ಎಂಬ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ.

1. ಯಾವುದರ ಶೇ 99? ಕಾಯಿಲೆ ಇರುವವರನ್ನು ಹಿಡಿಯುವುದರಲ್ಲೋ, ಇಲ್ಲದವರನ್ನು ಬಿಡುವುದರಲ್ಲೋ? ಎರಡನ್ನೂ ಹೇಳದಿದ್ದರೆ ಹುಣಸೆಮರವನ್ನು ನೆನಪಿಸಿಕೊಳ್ಳಿ.

2. ಯಾರಿಗೆ ಮಾಡಬೇಕಾದ ಟೆಸ್ಟ್? ಲಕ್ಷಣ ಇರುವವರಿಗೋ, ಆರೋಗ್ಯವಾಗಿರುವ ಮನೆಮಂದಿಗೆಲ್ಲವೋ? ಅಪರೂಪದ ಕಾಯಿಲೆಗೆ ಎಲ್ಲರನ್ನೂ ತಪಾಸಣೆ ಮಾಡಿದರೆ ಸುಳ್ಳು ಪಾಸಿಟಿವ್‌ಗಳೇ ಹೆಚ್ಚು. ಫುಲ್ ಬಾಡಿ ಚೆಕಪ್ ಪ್ಯಾಕೇಜ್‌ಗಳಲ್ಲಿ ಸೇರಿಸುವ ಕ್ಯಾನ್ಸರ್ ಮಾರ್ಕರ್ ಪರೀಕ್ಷೆಗಳಿಗೂ ಇದೇ ಮಾತು.

3. ಪಾಸಿಟಿವ್ ಬಂದರೆ ಮುಂದೇನು? ಖಚಿತಪಡಿಸುವ ಎರಡನೇ ಟೆಸ್ಟ್ ಯಾವುದು ಎಂದು ಹೇಳದ ಮೆಸೇಜನ್ನು ಅಲ್ಲಿಗೇ ನಿಲ್ಲಿಸಿ.

ಇದರ ಅರ್ಥ ಟೆಸ್ಟ್‌ಗಳೆಲ್ಲ ಸುಳ್ಳು, ಮಾಡಿಸಲೇಬೇಡಿ ಎಂದಲ್ಲ. ಸರಿಯಾದ ಟೆಸ್ಟನ್ನು ಸರಿಯಾದ ಹೊತ್ತಿಗೆ ಮಾಡಿಸಿ ಎಂದು. ಎರಡು ವಾರ ದಾಟಿದ ಕೆಮ್ಮು, ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ: ಇವುಗಳಲ್ಲಿ ಒಂದಿದ್ದರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ಟಿಬಿಯ ಪರೀಕ್ಷೆ, ಔಷಧಿ ಎರಡೂ ಅಲ್ಲಿ ಉಚಿತ. ಸಹಾಯವಾಣಿ 1800-11-6666ಕ್ಕೂ ಕರೆ ಮಾಡಬಹುದು.

ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಈ ಕೊನೆಯ ಪ್ಯಾರಾವನ್ನು ಮಾಡಿ. ನಿಮ್ಮ ಗ್ರೂಪಿನಲ್ಲಿ ಯಾರೋ ಒಬ್ಬರು ಎರಡು ವಾರದಿಂದ ಕೆಮ್ಮುತ್ತಿರಬಹುದು.